ಟೋಕನ್ ರೂಪದ ಷೇರುಗಳನ್ನು ಸ್ವಂತ ವ್ಯಾಲೆಟ್ಟಿಗೆ ತರುವುದು ಹೇಗೆ?

ಆಪಲ್, ಟೆಸ್ಲಾ, ಎನ್‌ವಿಡಿಯಾದಂತಹ ಅಮೆರಿಕದ ಕಂಪನಿಗಳ ಷೇರನ್ನು ಟೋಕನ್ ರೂಪದಲ್ಲಿ, ಅಂದರೆ ಬ್ಲಾಕ್‌ಚೈನಿನ ಮೇಲಿನ ಡಿಜಿಟಲ್ ಘಟಕವಾಗಿ, ಕೊಂಡವರಿಗೆ ಕೆಲವೇ ದಿನಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಕೊಂಡದ್ದನ್ನು ಕ್ರಿಪ್ಟೊ ಎಕ್ಸ್‌ಚೇಂಜಿನ ಖಾತೆಯಲ್ಲೇ ಬಿಡಬೇಕೇ, ಅಥವಾ ಕೀಲಿ (ಟೋಕನ್ನನ್ನು ಕದಲಿಸಲು ಬೇಕಾದ ರಹಸ್ಯ ಸಂಕೇತ) ತಮ್ಮ ಕೈಯಲ್ಲೇ ಇರುವ ವ್ಯಾಲೆಟ್ಟಿಗೆ ತಂದುಕೊಳ್ಳಬೇಕೇ? ತರಲು ನಿರ್ಧರಿಸಿದವರಿಗಾಗಿ ಈ ಬರಹ. ಎಲ್ಲ ಬಗೆಯ ಟೋಕನ್‌ಗಳನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ಸ್ಪಷ್ಟವಾಗುವುದಿಲ್ಲವಾದ್ದರಿಂದ, 2025ರ ಜೂನ್ 30ರಂದು ಕ್ರಾಕನ್ ಮತ್ತು ಬೈಬಿಟ್ ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟು ಆರಂಭಿಸಿದ ಎಕ್ಸ್‌ಸ್ಟಾಕ್ಸ್ ಟೋಕನ್‌ಗಳನ್ನು, ಅದರಲ್ಲೂ ಅವುಗಳ ಮೂಲ ನೆಲೆಯಾದ ಸೊಲಾನಾ ಎಂಬ ಬ್ಲಾಕ್‌ಚೈನ್ ನೆಟ್‌ವರ್ಕನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ನೆಲೆಸಿರುವವರಿಗೆ ಈ ಟೋಕನ್‌ಗಳನ್ನು ಮಾರುವುದಿಲ್ಲ. ಹಾಗಾಗಿ ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆ ಈ ದಾರಿ ಇಲ್ಲ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವವರಿಗೆ ಇದೆ. ಬೇರೆ ಕಡೆಯವರು ತಾವಿರುವ ದೇಶಕ್ಕೆ ಅನುಮತಿ ಇದೆಯೇ ಎಂಬುದನ್ನು ಎಕ್ಸ್‌ಚೇಂಜಿನ ನಿಯಮಗಳಲ್ಲಿ ನೋಡಿಕೊಂಡೇ ಮುಂದುವರಿಯಬೇಕು. ವಿಪಿಎನ್ ಹಾಕಿಕೊಂಡು ಬೇರೆ ದೇಶದವರೆಂದು ತೋರಿಸಿಕೊಂಡು ಕೊಂಡರೆ, ಹಣ ಹೊರತೆಗೆಯುವ ಹೊತ್ತಿನಲ್ಲೇ ಖಾತೆ ತಡೆಹಿಡಿಯಲ್ಪಡುವ ಸಂಭವವಿದೆ.

ನಿಮ್ಮ ಕೈಗೆ ಬರುವುದು ಏನು

ನಮ್ಮಲ್ಲಿ ಡಿಮ್ಯಾಟ್ ಖಾತೆಯ ಅಭ್ಯಾಸವಿರುವವರು ಇಲ್ಲೊಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಷೇರುಗಳ ದಾಖಲೆ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ ಪುಸ್ತಕದಲ್ಲಿ ಷೇರು ನಿಮ್ಮ ಹೆಸರಿನಲ್ಲೇ ಇರುತ್ತದೆ. ಬ್ರೋಕರ್ ಮುಳುಗಿದರೂ, ನಿಮ್ಮ ಪಾಸ್‌ವರ್ಡ್ ಮರೆತರೂ ಆ ಹೆಸರು ಅಲ್ಲಿಂದ ಅಳಿಯುವುದಿಲ್ಲ. ಎಕ್ಸ್‌ಸ್ಟಾಕ್ಸ್ ಟೋಕನ್ ಹಾಗಲ್ಲ. ಬ್ಯಾಕ್ಡ್ ಎಂಬ ಸಂಸ್ಥೆಯು ತನ್ನ ಜೆರ್ಸಿ ದ್ವೀಪದ ಕಂಪನಿಯ ಮೂಲಕ ಇದನ್ನು ಹೊರಡಿಸುತ್ತದೆ. ಒಂದು ಟೋಕನ್ನಿಗೆ ಒಂದರಂತೆ ನಿಜವಾದ ಷೇರನ್ನು ಕಸ್ಟೋಡಿಯನ್ (ಷೇರುಗಳನ್ನು ಕಾಯ್ದಿಡುವ ಸಂಸ್ಥೆ) ಬಳಿ ಇರಿಸಿರುತ್ತದೆ. ಟೋಕನ್ ಹಿಡಿದವರ ಹೆಸರು ಆಪಲ್ ಕಂಪನಿಯ ಷೇರುದಾರರ ಪಟ್ಟಿಯಲ್ಲಿ ಬರುವುದಿಲ್ಲ, ಅವರಿಗೆ ಮತದ ಹಕ್ಕೂ ಇಲ್ಲ. ಡಿವಿಡೆಂಡ್ ನಗದಾಗಿ ಬರುವ ಬದಲು ಟೋಕನ್ನಿನ ಗುಣಕದಲ್ಲಿ (ನಿಮ್ಮ ಟೋಕನ್‌ಗಳ ಸಂಖ್ಯೆಯನ್ನು ಗುಣಿಸಿ ತೋರಿಸಲು ಬಳಸುವ ಅಂಕಿ) ಸೇರಿಕೊಂಡು, ನಿಮ್ಮ ಲೆಕ್ಕದ ಸಂಖ್ಯೆ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಈ ಗುಣಕದ ವಿಷಯ ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಹೊರತೆಗೆಯುವುದರಿಂದ ಏನು ಲಾಭ? ಎಕ್ಸ್‌ಚೇಂಜ್ ಬಾಗಿಲು ಹಾಕಿದರೆ ಎಂಬ ಭಯವೊಂದು ಕಳೆಯುತ್ತದೆ. ಆ ಭಯಕ್ಕೆ ಕಾರಣವಿಲ್ಲದೆ ಇಲ್ಲ. 2022ರ ನವೆಂಬರ್‌ನಲ್ಲಿ ಕುಸಿದ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಕೂಡ ಟೋಕನ್ ರೂಪದ ಷೇರುಗಳನ್ನು ಮಾರುತ್ತಿತ್ತು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದ ಮೇಲೆ ಗ್ರಾಹಕರು ತಮ್ಮ ಹಣಕ್ಕಾಗಿ ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಆದರೆ ಹೊರಡಿಸಿದ ಸಂಸ್ಥೆಯ ಮೇಲಿನ ಅವಲಂಬನೆ ಹಾಗೆಯೇ ಉಳಿಯುತ್ತದೆ, ಮತ್ತು ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸೊಲಾನಾದಲ್ಲಿ ಈ ಟೋಕನ್‌ಗಳು ಟೋಕನ್-2022 ಎಂಬ ಮಾದರಿಯನ್ನು ಅನುಸರಿಸುತ್ತವೆ. ಅದರಲ್ಲಿ ಹೊರಡಿಸಿದವರು ವರ್ಗಾವಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಕಾನೂನಿನ ಆದೇಶ ಬಂದರೆ ಯಾವುದೇ ವ್ಯಾಲೆಟ್ಟಿನಿಂದ ಟೋಕನ್ನನ್ನು ಹಿಂತೆಗೆದುಕೊಳ್ಳುವಂತಹ ಶಾಶ್ವತ ಪ್ರತಿನಿಧಿಯ ಅಧಿಕಾರವೂ ಅವರ ಕೈಯಲ್ಲಿರುತ್ತದೆ. ಬಿಟ್‌ಕಾಯಿನ್ ಬಳಗದವರು ಹೇಳುವ ‘ಕೀಲಿ ನಿನ್ನದಾದರೆ ನಾಣ್ಯ ನಿನ್ನದು’ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಹೀಗೆ ಒಂದು ಅಪಾಯ ಕಳೆದು, ಇನ್ನೊಂದು ಹಾಗೆಯೇ ಉಳಿದು, ಮೂರನೆಯದೊಂದು ಹೊಸದಾಗಿ ಸೇರುತ್ತದೆ: ಇನ್ನು ಮುಂದೆ ತಪ್ಪು ಮಾಡಬಹುದಾದವರು ನೀವೇ. ಕೆಳಗಿನ ಹಂತಗಳೆಲ್ಲವೂ ಈ ಮೂರನೆಯ ಅಪಾಯವನ್ನು ಕುರಿತವು.

ಅಂದ ಹಾಗೆ, ಎಲ್ಲ ಟೋಕನ್ ಷೇರುಗಳೂ ಹೊರಗೆ ಬರುವುದಿಲ್ಲ. ಅಮೆರಿಕದ ಬ್ರೋಕರ್ ಸಂಸ್ಥೆ ರಾಬಿನ್‌ಹುಡ್ ಅದೇ 2025ರ ಜೂನ್‌ನಲ್ಲಿ ಯುರೋಪಿನ ಗ್ರಾಹಕರಿಗಾಗಿ ತಂದ ಟೋಕನ್‌ಗಳನ್ನು ಆರಂಭದಲ್ಲಿ ಹೊರಗಿನ ವ್ಯಾಲೆಟ್ಟಿಗೆ ಕಳುಹಿಸಲು ಅವಕಾಶವೇ ಇರಲಿಲ್ಲ. ಆದ್ದರಿಂದ ಕೊಳ್ಳುವ ಮುನ್ನವೇ ವಿತ್‌ಡ್ರಾ ಪುಟವನ್ನು ತೆರೆದು, ನಿಮ್ಮ ಟೋಕನ್ನಿನ ಹೆಸರು ಅಲ್ಲಿದೆಯೇ, ಯಾವ ನೆಟ್‌ವರ್ಕ್‌ಗಳನ್ನು ತೋರಿಸುತ್ತಿದೆ, ಕನಿಷ್ಠ ಮೊತ್ತ ಮತ್ತು ಶುಲ್ಕ ಎಷ್ಟು ಎಂಬುದನ್ನು ನೋಡಿಟ್ಟುಕೊಳ್ಳಿ. ಅರ್ಧ ಟೆಸ್ಲಾ ಟೋಕನ್ ಇರುವವರಿಗೆ ಶುಲ್ಕವೇ ಭಾರವಾಗುವುದಾದರೆ, ಎಕ್ಸ್‌ಚೇಂಜಿನಲ್ಲೇ ಬಿಡುವುದು ತಪ್ಪಲ್ಲ.

ಮೊದಲ ಹಂತ: ವ್ಯಾಲೆಟ್ ಸಿದ್ಧಪಡಿಸುವುದು

ಸಣ್ಣ ಮೊತ್ತಕ್ಕೆ ಫ್ಯಾಂಟಮ್ ಅಥವಾ ಸೋಲ್‌ಫ್ಲೇರ್‌ನಂತಹ ಮೊಬೈಲ್ ವ್ಯಾಲೆಟ್ ಸಾಕು. ಕಳೆದುಕೊಂಡರೆ ನಿದ್ದೆ ಕೆಡುವಷ್ಟು ಮೊತ್ತವಾದರೆ ಲೆಡ್ಜರ್‌ನಂತಹ ಹಾರ್ಡ್‌ವೇರ್ ವ್ಯಾಲೆಟ್ (ಕೀಲಿಯನ್ನು ಒಳಗೇ ಇಟ್ಟುಕೊಳ್ಳುವ ಪುಟ್ಟ ಪ್ರತ್ಯೇಕ ಸಾಧನ) ಕೊಳ್ಳಿ. ಅದನ್ನು ತಯಾರಕರ ತಾಣದಿಂದ ಅಥವಾ ಅವರು ಹೆಸರಿಸಿದ ಮಾರಾಟಗಾರರಿಂದಲೇ ಕೊಳ್ಳಿ. ಪೆಟ್ಟಿಗೆಯೊಳಗೆ ವ್ಯಾಲೆಟ್ಟಿನ ಗುಪ್ತ ಪದಗಳನ್ನು (ಇವುಗಳ ವಿವರ ಕೆಳಗಿದೆ) ಮೊದಲೇ ಬರೆದಿಟ್ಟ ಚೀಟಿ ಸಿಕ್ಕರೆ ಅದು ಮೋಸವೇ. ಪದಗಳನ್ನು ನಿಮ್ಮ ಕಣ್ಣೆದುರು ಸಾಧನವೇ ಹುಟ್ಟಿಸಬೇಕು. ಆ್ಯಪ್ ಇಳಿಸಿಕೊಳ್ಳುವಾಗಲೂ ಗೂಗಲ್ ಹುಡುಕಾಟದ ಮೇಲ್ತುದಿಯ ಜಾಹೀರಾತನ್ನು ಒತ್ತದೆ, ವ್ಯಾಲೆಟ್ಟಿನ ಅಧಿಕೃತ ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಹೋಗಿ.

ಸಾಧನವು 2048 ಇಂಗ್ಲಿಷ್ ಪದಗಳ ನಿಗದಿತ ಪಟ್ಟಿಯಿಂದ 12 ಅಥವಾ 24 ಪದಗಳನ್ನು ಆರಿಸಿ ತೋರಿಸುತ್ತದೆ. ಇದೇ ಸೀಡ್ ಫ್ರೇಸ್. ವ್ಯಾಲೆಟ್ ಎಂದರೆ ನಿಜವಾಗಿ ಇದೇ, ಸಾಧನವು ಇದನ್ನು ಬಳಸುವ ಉಪಕರಣ ಮಾತ್ರ. ಪಟ್ಟಿಯ ಪ್ರತಿ ಪದವನ್ನೂ ಮೊದಲ 4 ಅಕ್ಷರಗಳಿಂದಲೇ ಗುರುತಿಸಬಹುದು, ಹಾಗಾಗಿ ಆ ನಾಲ್ಕಂತೂ ಅಚ್ಚಿನಂತೆ ಸ್ಪಷ್ಟವಾಗಿರಲಿ. ಕಾಗದದ ಮೇಲೆ ಅನುಕ್ರಮ ಸಂಖ್ಯೆಯೊಡನೆ ಬರೆಯಿರಿ. ಫೋಟೊ ತೆಗೆಯಬೇಡಿ, ಏಕೆಂದರೆ ಫೋನಿನ ಫೋಟೊ ತಾನಾಗಿಯೇ ಕ್ಲೌಡ್‌ಗೆ ಹೋಗಿ ಕೂರುತ್ತದೆ. ನಿಮಗೆ ನೀವೇ ವಾಟ್ಸ್‌ಆ್ಯಪ್ ಮಾಡಿಕೊಳ್ಳುವುದೂ ಬೇಡ. ಊರಿನ ಮನೆಯ ಪೆಟ್ಟಿಗೆಯಲ್ಲಿ ಇಡುವವರು ಗೆದ್ದಲನ್ನೂ ಮಲೆನಾಡಿನ ಮಳೆಗಾಲದ ತೇವವನ್ನೂ ನೆನೆದು, ಉಕ್ಕಿನ ಪಟ್ಟಿಯ ಮೇಲೆ ಪದಗಳನ್ನು ಬೇರೆಯವರಿಂದ ಕೊರೆಸುವ ಬದಲು ತಾವೇ ಕೊರೆಯಬೇಕು. ಕೊರೆಸಲು ಅಂಗಡಿಗೆ ಕೊಟ್ಟರೆ ಅಂಗಡಿಯವರಿಗೂ ಗೊತ್ತಾಯಿತೆಂದೇ ಅರ್ಥ.

ಎರಡನೆಯ ಹಂತ: ತುಂಬುವ ಮೊದಲು ಅಳಿಸಿ ನೋಡುವುದು

ಈ ಬರಹದಲ್ಲಿ ನೀವು ಒಂದೇ ಒಂದು ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ. ಬಹುಪಾಲು ಮಾರ್ಗದರ್ಶಿಗಳು ಪದಗಳನ್ನು ಭದ್ರವಾಗಿಡಿ ಎಂದು ಹೇಳಿ ನೇರವಾಗಿ ವರ್ಗಾವಣೆಗೆ ಜಿಗಿಯುತ್ತವೆ. ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಇರುವ ದಾರಿ ಒಂದೇ: ಬರೆದದ್ದರಿಂದ ವ್ಯಾಲೆಟ್ಟನ್ನು ಮರಳಿ ಕಟ್ಟುವುದು.

ಹೊಸ ವ್ಯಾಲೆಟ್ಟಿನ ಸೊಲಾನಾ ವಿಳಾಸವನ್ನು ಒಂದು ಕಡೆ ಬರೆದುಕೊಳ್ಳಿ. ಎಕ್ಸ್‌ಚೇಂಜಿನಿಂದ ಅದಕ್ಕೆ ಸ್ವಲ್ಪ ಸೋಲ್ (ಸೊಲಾನಾ ನೆಟ್‌ವರ್ಕಿನ ಸ್ವಂತ ನಾಣ್ಯ) ಕಳುಹಿಸಿ. ಮುಂದೆ ಶುಲ್ಕಕ್ಕೆ ಅದು ಹೇಗೂ ಬೇಕು. ಸೋಲ್ ಬಂದು ಸೇರಿದ ಮೇಲೆ ಸಾಧನವನ್ನು ಬೇಕೆಂದೇ ಅಳಿಸಿಬಿಡಿ. ಲೆಡ್ಜರ್ ಆದರೆ ಪಿನ್ ಸಂಖ್ಯೆಯನ್ನು 3 ಸಲ ತಪ್ಪಾಗಿ ಒತ್ತಿದರೆ ತಾನೇ ಅಳಿಸಿಕೊಳ್ಳುತ್ತದೆ. ಈಗ ನಿಮ್ಮ ಬಳಿ ಉಳಿದದ್ದು ಕಾಗದ ಮಾತ್ರ. ಅದನ್ನು ನೋಡಿಕೊಂಡು ಪದಗಳನ್ನು ಸಾಧನದಲ್ಲೇ ಮರಳಿ ತುಂಬಿ, ಅದೇ ವಿಳಾಸ ಮತ್ತು ಅದೇ ಸೋಲ್ ಕಾಣುತ್ತದೆಯೇ ನೋಡಿ. ಕಂಡರೆ ಕಾಗದ ಸರಿಯಾಗಿದೆ. ಕಾಣದಿದ್ದರೆ ನೀವು ಕಳೆದುಕೊಂಡದ್ದು ಕೆಲವು ರೂಪಾಯಿಗಳ ಸೋಲ್ ಅಷ್ಟೇ. ನಾನು ಮೊದಲ ಸಲ ಹೀಗೆ ಮಾಡಿದಾಗ 24ರಲ್ಲಿ ಒಂದು ಪದವನ್ನು ನನ್ನ ಬರಹದಲ್ಲೇ ತಪ್ಪಾಗಿ ಓದಿಕೊಂಡೆ, ಸರಿಪಡಿಸಲು ಅರ್ಧ ಗಂಟೆ ಹಿಡಿಯಿತು. ವ್ಯಾಲೆಟ್ ತುಂಬಿದ್ದಾಗ ಹೀಗಾಗಿದ್ದರೆ ಆ ಅರ್ಧ ಗಂಟೆಯನ್ನು ಹೇಗೆ ಕಳೆಯುತ್ತಿದ್ದೆನೋ!

ಒಂದು ಸೂಕ್ಷ್ಮವಿದೆ. ಒಂದೇ ಪದಗಳಿಂದ ಅನೇಕ ವಿಳಾಸಗಳನ್ನು ಹುಟ್ಟಿಸಬಹುದು, ಮತ್ತು ಯಾವ ದಾರಿಯಿಂದ ಹುಟ್ಟಿಸಬೇಕು ಎಂಬುದರಲ್ಲಿ ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ರೂಢಿಯನ್ನು ಅನುಸರಿಸುತ್ತವೆ. ಆದ್ದರಿಂದ ಸರಿಯಾದ ಪದಗಳನ್ನೇ ಕೊಟ್ಟರೂ ಇನ್ನೊಂದು ಆ್ಯಪ್‌ನಲ್ಲಿ ಖಾಲಿ ವಿಳಾಸ ಕಾಣಬಹುದು. ಗಾಬರಿಯಾಗದೆ, ಖಾತೆ ಸೇರಿಸುವ ಪುಟದಲ್ಲಿ ಡೆರಿವೇಶನ್ ಪಾತ್ ಎಂಬ ಆಯ್ಕೆಯನ್ನು ಬದಲಿಸಿ ನೋಡಿ. ಯಾವ ಆ್ಯಪ್, ಯಾವ ಪಾತ್, ಯಾವ ವಿಳಾಸ ಎಂಬುದನ್ನು ಪದಗಳ ಜೊತೆಗಲ್ಲದೆ ಬೇರೆ ಹಾಳೆಯಲ್ಲಿ ಬರೆದಿಡಿ. ಈ ಹಾಳೆ ಕಳೆದರೂ ಅಪಾಯವಿಲ್ಲ, ಇದ್ದರೆ ಮುಂದೆ ಬಹಳ ಉಪಕಾರ.

ಮೂರನೆಯ ಹಂತ: ಎಕ್ಸ್‌ಚೇಂಜಿನ ಕಡೆಯ ಬಾಗಿಲು

ಖಾತೆಯ ಎರಡನೆಯ ದೃಢೀಕರಣ ಎಸ್‌ಎಂಎಸ್ ಮೂಲಕ ಬರುವಂತಿದ್ದರೆ ಅದನ್ನು ಅಥೆಂಟಿಕೇಟರ್ ಆ್ಯಪ್‌ಗೆ ಅಥವಾ ಪಾಸ್‌ಕೀಗೆ ಬದಲಿಸಿ, ಏಕೆಂದರೆ ನಿಮ್ಮ ಸಿಮ್ಮಿನ ನಕಲು ಪಡೆದವರಿಗೆ ಎಸ್‌ಎಂಎಸ್ ಸುಲಭವಾಗಿ ಸಿಗುತ್ತದೆ. ಅನುಮೋದಿತ ವಿಳಾಸಗಳಿಗೆ ಮಾತ್ರ ವಿತ್‌ಡ್ರಾ ಎಂಬ ವ್ಯವಸ್ಥೆ ಇದ್ದರೆ ಅದನ್ನು ಚಾಲೂ ಮಾಡಿ. ಹೊಸ ವಿಳಾಸ ಸೇರಿಸಿದ ಮೇಲೆ ಕೆಲವು ಕಡೆ ಒಂದೆರಡು ದಿನ ಕಾಯಿಸುತ್ತಾರೆ. ಆ ಕಾಯುವಿಕೆ ಕಳ್ಳನಿಗೂ ಅನ್ವಯಿಸುತ್ತದೆ ಎಂಬುದನ್ನು ನೆನೆದು ಸಹಿಸಿಕೊಳ್ಳಿ.

ಯುರೋಪಿನಲ್ಲಿರುವವರಿಗೆ ಇನ್ನೊಂದು ವಿಧಿ ಇದೆ. 2024ರ ಡಿಸೆಂಬರ್ 30ರಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಯಲ್ಲಿರುವ ಟ್ರಾವೆಲ್ ರೂಲ್ ಪ್ರಕಾರ, ಗ್ರಾಹಕರು ತಮ್ಮದೇ ವ್ಯಾಲೆಟ್ಟಿಗೆ 1000 ಯೂರೋಗಿಂತ ಹೆಚ್ಚು ಮೌಲ್ಯವನ್ನು ಕಳುಹಿಸುವಾಗ ಆ ವ್ಯಾಲೆಟ್ ಅವರದೇ ಎಂಬುದನ್ನು ಎಕ್ಸ್‌ಚೇಂಜ್ ಖಚಿತಪಡಿಸಿಕೊಳ್ಳಬೇಕು. ವ್ಯಾಲೆಟ್ಟಿನಿಂದ ಒಂದು ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಿಸುವುದು ಅಥವಾ ತೀರ ಸಣ್ಣ ಮೊತ್ತವನ್ನು ಮರಳಿ ಕಳುಹಿಸಲು ಹೇಳುವುದು ಇದರ ರೂಢಿಯ ವಿಧಾನಗಳು. ಈ ಕೋರಿಕೆ ಎಕ್ಸ್‌ಚೇಂಜಿನ ಆ್ಯಪ್‌ನೊಳಗೇ ಬರುತ್ತದೆ. ಟೆಲಿಗ್ರಾಂನಲ್ಲೋ ಫೋನಿನಲ್ಲೋ ಯಾರಾದರೂ ದೃಢೀಕರಣದ ಹೆಸರು ಹೇಳಿ ಪದಗಳನ್ನು ಕೇಳಿದರೆ ಅವರು ಕಳ್ಳರೇ. ಯಾವ ಕಾನೂನೂ ಆ ಪದಗಳನ್ನು ಎಕ್ಸ್‌ಚೇಂಜಿಗೆ ಕೊಡಲು ಹೇಳುವುದಿಲ್ಲ.

ನಾಲ್ಕನೆಯ ಹಂತ: ವಿಳಾಸ ಮತ್ತು ನೆಟ್‌ವರ್ಕ್

ಸೊಲಾನಾ ವಿಳಾಸದಲ್ಲಿ 32ರಿಂದ 44 ಅಕ್ಷರಗಳಿರುತ್ತವೆ. ಗೊಂದಲವಾಗದಿರಲೆಂದು ಸೊನ್ನೆ, ದೊಡ್ಡಕ್ಷರದ ಓ, ದೊಡ್ಡಕ್ಷರದ ಐ, ಚಿಕ್ಕಕ್ಷರದ ಎಲ್ ಇವು ನಾಲ್ಕನ್ನೂ ಅದರಲ್ಲಿ ಬಳಸುವುದಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆಯೇ ಆದ್ದರಿಂದ ಕೈಯಾರೆ ಟೈಪ್ ಮಾಡುವ ಸಾಹಸ ಬೇಡ. ನಕಲಿಸಿ ಅಂಟಿಸಿ, ಅಥವಾ ಕ್ಯೂಆರ್ ಬಳಸಿ. ಅಂಟಿಸಿದ ಮೇಲೆ ಪೂರ್ತಿ ವಿಳಾಸವನ್ನು ಹಾರ್ಡ್‌ವೇರ್ ಸಾಧನದ ಪರದೆಯೊಡನೆ ಹೋಲಿಸಿ ಓದಿ, ಏಕೆಂದರೆ ನಕಲಿಸಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಿಸುವ ವೈರಸ್‌ಗಳಿವೆ.

ಪೂರ್ತಿ ಓದಿ ಎಂದದ್ದು ಸುಮ್ಮನೆ ಅಲ್ಲ. ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರ ನೋಡಿ ಸಾಕೆನ್ನುವ ನಮ್ಮ ಅಭ್ಯಾಸವನ್ನೇ ನಂಬಿ ನಡೆಯುವ ಮೋಸವೊಂದಿದೆ. ನಿಮ್ಮ ವಿಳಾಸದ ಹಾಗೆಯೇ ಆರಂಭವಾಗಿ ಹಾಗೆಯೇ ಮುಗಿಯುವ ವಿಳಾಸವೊಂದನ್ನು ಹುಟ್ಟಿಸಿ, ಅದರಿಂದ ಚಿಲ್ಲರೆ ಮೊತ್ತವನ್ನು ನಿಮಗೆ ಕಳುಹಿಸುತ್ತಾರೆ. ಮುಂದಿನ ಸಲ ನೀವು ಇತಿಹಾಸದ ಪಟ್ಟಿಯಿಂದ ವಿಳಾಸ ನಕಲಿಸುವಾಗ ಅವರದೇ ಕೈಗೆ ಬರಲಿ ಎಂಬ ಎಣಿಕೆ. 2024ರ ಮೇ ತಿಂಗಳಲ್ಲಿ ಇಥೀರಿಯಂನಲ್ಲಿ ಒಬ್ಬರು ಹೀಗೆಯೇ ಸುಮಾರು 6.8 ಕೋಟಿ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಟೋಕನ್‌ಗಳನ್ನು ತಪ್ಪು ವಿಳಾಸಕ್ಕೆ ಕಳುಹಿಸಿದರು. ಅವರ ಅದೃಷ್ಟಕ್ಕೆ ಮಾತುಕತೆಯ ನಂತರ ಮರಳಿ ಬಂತು. ಇತಿಹಾಸದ ಪಟ್ಟಿಯಿಂದ ವಿಳಾಸವನ್ನು ಎಂದೂ ನಕಲಿಸಬೇಡಿ.

ನೆಟ್‌ವರ್ಕಿನ ಆಯ್ಕೆಯಲ್ಲಿ ಸೊಲಾನಾ ಎಂದೇ ಇರಲಿ. ಎಕ್ಸ್‌ಸ್ಟಾಕ್ಸ್ ಈಗ ಬಿಎನ್‌ಬಿ ಚೈನ್, ಇಥೀರಿಯಂ ಮುಂತಾದವುಗಳ ಮೇಲೂ ಇರುವುದರಿಂದ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಕಾಣಬಹುದು. ಸೊಲಾನಾ ವಿಳಾಸದ ರೂಪವೇ ಬೇರೆಯಾದ್ದರಿಂದ ಇಥೀರಿಯಂ ಆರಿಸಿದರೆ ಎಕ್ಸ್‌ಚೇಂಜ್ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಇಥೀರಿಯಂ ಮತ್ತು ಬಿಎನ್‌ಬಿ ಚೈನ್‌ಗಳ ವಿಳಾಸ ಮಾತ್ರ ನೋಡಲು ಒಂದೇ. ಅಲ್ಲಿ ಅದಲುಬದಲಾದರೂ ಕೀಲಿ ನಿಮ್ಮದೇ ಆದರೆ ನೆಟ್‌ವರ್ಕ್ ಬದಲಿಸಿ ಮರಳಿ ಪಡೆಯಬಹುದು, ಇನ್ನೊಂದು ಎಕ್ಸ್‌ಚೇಂಜಿನ ಡೆಪಾಸಿಟ್ ವಿಳಾಸವಾಗಿದ್ದರೆ ಅವರ ಕೃಪೆಯನ್ನೇ ಕಾಯಬೇಕು.

ಐದನೆಯ ಹಂತ: ಒಂದು ಚೂರು ಹೋಗಿ, ಬಂದು, ಮತ್ತೆ ಹೋಗಲಿ

ಕನಿಷ್ಠ ಮಿತಿಗಿಂತ ತುಸು ಹೆಚ್ಚಿನ ಮೊತ್ತವನ್ನು ಮೊದಲು ಕಳುಹಿಸಿ. ಸೊಲಾನಾದಲ್ಲಿ ಅದು ಕೆಲವೇ ಕ್ಷಣಗಳ ಕೆಲಸ. ತಡವಾದರೆ ಹೆಚ್ಚಿನ ಪಾಲು ಎಕ್ಸ್‌ಚೇಂಜಿನ ಒಳಗಿನ ಪರಿಶೀಲನೆಯಿಂದ. ಬಂದದ್ದನ್ನು ಸೋಲ್‌ಸ್ಕ್ಯಾನ್‌ನಂತಹ ಎಕ್ಸ್‌ಪ್ಲೋರರ್‌ನಲ್ಲಿ (ನೆಟ್‌ವರ್ಕಿನ ವ್ಯವಹಾರಗಳನ್ನು ಯಾರು ಬೇಕಾದರೂ ನೋಡಬಹುದಾದ ತಾಣ) ತೆರೆದು ಎರಡು ವಿಷಯ ನೋಡಿ.

ಒಂದು, ಟೋಕನ್ನಿನ ಮಿಂಟ್ ವಿಳಾಸ, ಅಂದರೆ ಆ ಬಗೆಯ ಟೋಕನ್ನಿಗೆ ನೆಟ್‌ವರ್ಕಿನಲ್ಲಿರುವ ಸ್ವಂತ ಗುರುತು. ಟೆಸ್ಲಾ ಎಂಬ ಹೆಸರನ್ನೂ ಚಿತ್ರವನ್ನೂ ಯಾರು ಬೇಕಾದರೂ ತಮ್ಮ ಟೋಕನ್ನಿಗೆ ಅಂಟಿಸಬಹುದು. ಮಿಂಟ್ ವಿಳಾಸವನ್ನು ಮಾತ್ರ ಕದಿಯಲಾಗದು. ಅದನ್ನು ಎಕ್ಸ್‌ಸ್ಟಾಕ್ಸ್‌ನ ಅಧಿಕೃತ ತಾಣದಲ್ಲಿ ಕೊಟ್ಟಿರುವುದರೊಡನೆ ಅಕ್ಷರಕ್ಷರ ಹೋಲಿಸಿ. ಸೊಲಾನಾದಲ್ಲಿ ಇವುಗಳ ಮಿಂಟ್ ವಿಳಾಸಗಳು ದೊಡ್ಡಕ್ಷರದ ಎಕ್ಸ್, ಚಿಕ್ಕಕ್ಷರದ ಎಸ್ ಎಂದು ಆರಂಭವಾಗುತ್ತವೆ, ಆದರೆ ಅಷ್ಟನ್ನೇ ನಂಬುವಂತಿಲ್ಲ. ಎರಡಕ್ಷರ ಹೊಂದುವ ವಿಳಾಸವನ್ನು ಹುಟ್ಟಿಸಲು ಸಾಮಾನ್ಯ ಕಂಪ್ಯೂಟರಿಗೆ ಕ್ಷಣ ಸಾಕು.

ಎರಡು, ಸಂಖ್ಯೆ. ಡಿವಿಡೆಂಡ್ ಮತ್ತು ಷೇರು ವಿಭಜನೆಗಳು ಗುಣಕದ ಮೂಲಕ ಬರುವುದರಿಂದ, ಗುಣಕವನ್ನು ಓದಬಲ್ಲ ವ್ಯಾಲೆಟ್ ಒಂದು ಸಂಖ್ಯೆಯನ್ನೂ ಓದಲಾರದ್ದು ಇನ್ನೊಂದನ್ನೂ ತೋರಿಸಬಹುದು. ನೆಟ್‌ಫ್ಲಿಕ್ಸ್ 2025ರ ನವೆಂಬರ್‌ನಲ್ಲಿ ಒಂದು ಷೇರನ್ನು ಹತ್ತಾಗಿ ವಿಭಜಿಸಿತು. ಅಂತಹ ಸಂದರ್ಭದಲ್ಲಿ ಈ ಎರಡು ಸಂಖ್ಯೆಗಳ ನಡುವಿನ ಅಂತರ ಸಣ್ಣದಾಗಿರುವುದಿಲ್ಲ. ವಿಭಜನೆಯ ಅಥವಾ ಡಿವಿಡೆಂಡಿನ ಆಸುಪಾಸಿನ ದಿನಗಳಲ್ಲಿ ವರ್ಗಾವಣೆ ಮಾಡದಿರುವುದು ಲೇಸು.

ಎಕ್ಸ್‌ಪ್ಲೋರರ್‌ನಲ್ಲಿ ಟೋಕನ್ ಕುಳಿತಿರುವ ವಿಳಾಸ ನಿಮ್ಮದಲ್ಲದ್ದಾಗಿ ಕಂಡರೆ ಹೆದರಬೇಡಿ. ಸೊಲಾನಾದಲ್ಲಿ ಪ್ರತಿಯೊಂದು ಟೋಕನ್ನಿಗೂ ನಿಮ್ಮ ವ್ಯಾಲೆಟ್ಟಿನ ಅಡಿಯಲ್ಲಿ ಬೇರೆಯೇ ಟೋಕನ್ ಖಾತೆ ತೆರೆಯುತ್ತದೆ. ಒಡೆಯ ಎಂಬಲ್ಲಿ ನಿಮ್ಮ ವಿಳಾಸ ಇದ್ದರಾಯಿತು. ಮುಂದೆ ಯಾರಿಗಾದರೂ ವಿಳಾಸ ಕೊಡುವಾಗ ಈ ಒಳಖಾತೆಯದ್ದನ್ನಲ್ಲ, ವ್ಯಾಲೆಟ್ಟಿನದ್ದನ್ನೇ ಕೊಡಿ. ಖಾತೆ ತೆರೆಯಲು ಸುಮಾರು 0.002 ಸೋಲ್ ಠೇವಣಿಯಂತೆ ಹಿಡಿದಿಡಲಾಗುತ್ತದೆ, ಪ್ರತಿ ಸಹಿಯ ಮೂಲ ಶುಲ್ಕ 0.000005 ಸೋಲ್. ಹಾಗಾಗಿ 0.05 ಸೋಲ್ ಸದಾ ವ್ಯಾಲೆಟ್ಟಿನಲ್ಲಿರಲಿ. ಅದಿಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ಟೋಕನ್ ಇದ್ದೂ ಕದಲಿಸಲಾಗದು.

ಈಗ ಆ ಚೂರನ್ನು ಎಕ್ಸ್‌ಚೇಂಜಿನ ಡೆಪಾಸಿಟ್ ವಿಳಾಸಕ್ಕೆ ಮರಳಿ ಕಳುಹಿಸಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಮಾರುವ ದಿನ ನೀವು ನಡೆಯಬೇಕಾದ ದಾರಿ ಇದೇ. ಸಾಮಾನ್ಯ ಹಿಡುವಳಿದಾರರಿಗೆ ಟೋಕನ್ ಮಾರಲು ಎಕ್ಸ್‌ಚೇಂಜ್ ಅಥವಾ ಜುಪಿಟರ್‌ನಂತಹ ವಿಕೇಂದ್ರಿತ ಮಾರುಕಟ್ಟೆಯೇ ಗತಿ. ನ್ಯೂಯಾರ್ಕ್ ಮಾರುಕಟ್ಟೆ ಮುಚ್ಚಿರುವ ಶನಿವಾರ, ಭಾನುವಾರಗಳಲ್ಲಿ ಆ ಎರಡನೆಯ ಕಡೆ ಕೊಳ್ಳುವವರು ವಿರಳವಾಗಿ ಬೆಲೆ ದೂರ ಸರಿದಿರಬಹುದು. ಹಿಂತಿರುಗಿದ ಚೂರು ಖಾತೆಯಲ್ಲಿ ಜಮೆಯಾದ ಮೇಲೆ ಉಳಿದದ್ದನ್ನು ಎರಡು ಮೂರು ಕಂತುಗಳಲ್ಲಿ, ಪ್ರತಿ ಸಲವೂ ವಿಳಾಸವನ್ನು ಹೊಸದಾಗಿ ಓದಿ, ಕಳುಹಿಸಿ.

ಬಂದ ಮೇಲೆ

ಕೆಲವು ದಿನಗಳಲ್ಲಿ ನಿಮ್ಮ ವ್ಯಾಲೆಟ್ಟಿಗೆ ಕರೆಯದ ಟೋಕನ್‌ಗಳು, ಚಿತ್ರಗಳು ಬಂದು ಬೀಳಲು ಶುರುವಾಗುತ್ತವೆ. ‘ನಿಮ್ಮ ಡಿವಿಡೆಂಡ್ ಪಡೆಯಲು ಇಲ್ಲಿ ಒತ್ತಿ’ ಎಂದು ಅವುಗಳಲ್ಲಿ ಬರೆದಿರುತ್ತದೆ. ಎಕ್ಸ್‌ಸ್ಟಾಕ್ಸ್‌ನಲ್ಲಿ ಡಿವಿಡೆಂಡ್ ಗುಣಕದಲ್ಲಿ ತಾನಾಗಿ ಸೇರುವುದರಿಂದ ಎಲ್ಲಿಯೂ ಹೋಗಿ ಪಡೆಯಬೇಕಾದ್ದಿಲ್ಲ ಎಂಬುದು ಗೊತ್ತಿದ್ದರೆ ಈ ಬಲೆಗೆ ಬೀಳುವುದಿಲ್ಲ. ಅವನ್ನು ಮರೆಮಾಡಿ ಬಿಟ್ಟುಬಿಡಿ. ಉಳಿಸಿಡುವ ವ್ಯಾಲೆಟ್ಟನ್ನು ಯಾವ ತಾಣಕ್ಕೂ ಜೋಡಿಸಬೇಡಿ. ಜುಪಿಟರ್‌ನಲ್ಲಿ ಮಾರುವುದಾದರೆ ಅಷ್ಟು ಭಾಗವನ್ನು ಬೇರೊಂದು ವ್ಯಾಲೆಟ್ಟಿಗೆ ಕಳುಹಿಸಿ ಅಲ್ಲಿಂದ ಮಾಡಿ. ಅರ್ಥವಾಗದ ವಿವರಕ್ಕೆ ಸಹಿ ಹಾಕುವುದು ದೊಡ್ಡವರಿಗೂ ಮುಳುವಾಗಿದೆ: 2025ರ ಫೆಬ್ರವರಿ 21ರಂದು ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್ ಕಳುವಾದದ್ದು, ಪರದೆಯ ಮೇಲೆ ಒಂದು ವ್ಯವಹಾರ ತೋರಿಸಿ ಇನ್ನೊಂದಕ್ಕೆ ಸಹಿ ಹಾಕಿಸಿಕೊಂಡದ್ದರಿಂದ.

ಲೆಕ್ಕದ ವಿಷಯ. ಸ್ವಂತ ಖಾತೆಯಿಂದ ಸ್ವಂತ ವ್ಯಾಲೆಟ್ಟಿಗೆ ತರುವುದು ಮಾರಾಟವಲ್ಲ, ಆದರೆ ಅದನ್ನು ತೋರಿಸಬೇಕಾದವರು ನೀವು. ಕೊಂಡ ದಿನ, ಬೆಲೆ, ಶುಲ್ಕಗಳ ಪಟ್ಟಿಯನ್ನು ಎಕ್ಸ್‌ಚೇಂಜಿನಿಂದ ಇಳಿಸಿಟ್ಟುಕೊಂಡು, ಪ್ರತಿ ವರ್ಗಾವಣೆಯ ವ್ಯವಹಾರ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ; ಎಕ್ಸ್‌ಚೇಂಜಿನ ಖಾತೆ ಮುಚ್ಚಿದ ಮೇಲೆ ಈ ಪಟ್ಟಿ ಸಿಗದೆ ಹೋಗಬಹುದು. ಭಾರತದಲ್ಲಿ ತೆರಿಗೆ ಕಟ್ಟುವವರು, 2022ರ ಬಜೆಟ್ಟಿನಲ್ಲಿ ಬಂದ ವರ್ಚುವಲ್ ಡಿಜಿಟಲ್ ಆಸ್ತಿಯ ನಿಯಮವನ್ನು, ಅಂದರೆ ಲಾಭದ ಮೇಲೆ ಶೇ 30 ತೆರಿಗೆ, ನಷ್ಟವನ್ನು ಬೇರೆ ಆದಾಯದೊಡನೆ ಸರಿದೂಗಿಸಲು ಅವಕಾಶವಿಲ್ಲದಿರುವುದು, ಶೇ 1 ಟಿಡಿಎಸ್ ಇವುಗಳನ್ನು ಮುಂದಿಟ್ಟುಕೊಂಡು ತಮ್ಮ ಚಾರ್ಟರ್ಡ್ ಅಕೌಂಟೆಂಟ್ ಬಳಿ ಮಾರುವ ಮುನ್ನವೇ ಮಾತಾಡಬೇಕು.

ಕೊನೆಯದಾಗಿ ನಾಮಿನಿ. ಡಿಮ್ಯಾಟ್ ಅರ್ಜಿಯಲ್ಲಿ ಹೆಂಡತಿಯ ಅಥವಾ ಗಂಡನ ಹೆಸರು ಬರೆದು ಸಹಿ ಹಾಕಿದರೆ ಮುಗಿಯಿತು. ವ್ಯಾಲೆಟ್ಟಿನಲ್ಲಿ ಅಂತಹ ಕಲಮೇ ಇಲ್ಲ. ಆದ್ದರಿಂದ ಮೇಲೆ ಹೇಳಿದ ಎರಡನೆಯ ಹಾಳೆಯಲ್ಲಿ, ಯಾವ ಟೋಕನ್ ಇದೆ, ಸಾಧನ ಎಲ್ಲಿದೆ, ಪದಗಳಿರುವ ಲಕೋಟೆ ಯಾರ ಬಳಿ ಅಥವಾ ಯಾವ ಲಾಕರಿನಲ್ಲಿದೆ, ಮಾರಬೇಕಾದರೆ ಯಾವ ಎಕ್ಸ್‌ಚೇಂಜಿಗೆ ಯಾವ ನೆಟ್‌ವರ್ಕಿನಲ್ಲಿ ಕಳುಹಿಸಬೇಕು ಎಂಬುದನ್ನು ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಬರೆದ ಮೇಲೆ ಅವರ ಕೈಗೇ ಆ ಹಾಳೆಯನ್ನು ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು, ಒಂದು ಚೂರು ಟೋಕನ್ನನ್ನು ಅವರೇ ಎಕ್ಸ್‌ಚೇಂಜಿಗೆ ಕಳುಹಿಸುವಂತೆ ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ.